ಗಡಿಕಲ್ಲಿನ ಬಳಿಯ ಕಂಡಿ

ಅಂದು ಮೋಡ ಕವಿದಿತ್ತೆಂದು ಬರೆಯಲು ಕೈ ಮುಂದಾಗುತ್ತದೆ. ಬಿಸಿಲೇ ಇತ್ತೇನೋ, ಮೋಡ ನನ್ನ ಮನಸ್ಸಿನೊಳಗಿದ್ದಿರಬಹುದು.

ನಾನಾಗ ಮೈಸೂರು ಸರ್ಕಾರದ ಬೇಸಾಯ ಇಲಾಖೆಯಲ್ಲಿ ಸಣ್ಣ ನೌಕರ. ಚನ್ನರಾಯನದುರ್ಗದ ಕಡೆಯ ಇಳಿಜಾರು ಹೊಲಗಳಲ್ಲಿ ಮಣ್ಣು ಕೊಚ್ಚಿಹೋಗದಂತೆ ಅಡ್ಡಬದು ಹಾಕಿಸುವುದು ನನ್ನ ಕೆಲಸ. ಊರ ಪಂಚಾಯಿತಿ ಒಪ್ಪಿತ್ತು: ಮಟ್ಟ ನೋಡಿ ಗೆರೆ ಎಳೆಯುವವನು ನಾನು, ಅವರವರ ಹೊಲದ ಬದು ಅವರವರದು.

ಇಳಿಜಾರಿನ ಮೇಲ್ಭಾಗದ ಅಕ್ಕಪಕ್ಕದ ಹೊಲಗಳ ರೈತರಿಬ್ಬರೂ ಬದು ಹಾಕಿದ್ದರು. ಆದರೆ ನಡುವಿನ ಗಡಿಕಲ್ಲಿಗೆ ಒಂದು ಮಾರು ಮೊದಲೇ ಇಬ್ಬರೂ ನಿಲ್ಲಿಸಿಬಿಟ್ಟಿದ್ದರು. ಕಲ್ಲಿನ ಹತ್ತಿರ ಮಣ್ಣು ಹಾಕಿದರೆ ಪಕ್ಕದವನು ಒತ್ತುವರಿ ಅಂದಾನೆಂಬ ಭಯ. ಹಾಗೆ ಬದುವಿನಲ್ಲಿ ಉಳಿದ ಕಂಡಿಯ ಕೆಳಗೇ ಒಬ್ಬ ವಿಧವೆಯ ಹೊಲ. ಆಗಷ್ಟೇ ಎರಡು ಬೆರಳೆತ್ತರ ಬಂದಿದ್ದ ರಾಗಿ ಪೈರು.

ಆಕೆ ಪಂಚಾಯಿತಿ ಕಟ್ಟೆಗೇ ಬಂದಳು. "ಅಲ್ಲಾ ಸ್ವಾಮಿ, ಮೊದ್ಲು ನೀರು ಅಗಲಕ್ಕೆ ಅರೀತಿತ್ತು. ಈಗ ಎಲ್ಡೂ ಹೊಲದ್ದು ಸೇರ್ಕಂಡು ನನ್ ಪೈರಿನ್ ಮ್ಯಾಲೇ ಬೀಳ್ತದೆ. ಇದಾ ನೀವ್ ಮಾಡಿದ್ ಉಪ್ಕಾರ?"

 

ಪಂಚಾಯಿತಿ ಅಧ್ಯಕ್ಷರು, ಹಲ್ಲುದುರಿದ ಮುದುಕರು, ಎಲ್ಲರನ್ನೂ ಹೊಲಕ್ಕೆ ಕರೆತಂದರು. ಮಂಕರಿ ಬುಟ್ಟಿಗಳಲ್ಲಿ ಮಣ್ಣು ತುಂಬಿಕೊಂಡು ಮೇಲಿನ ಹೊಲದವರಿಬ್ಬರೂ ಕಲ್ಲಿನ ಆಚೀಚೆ ನಿಂತರು.

"ಮೊದ್ಲು ಅವ್ನ್ ಆಕ್ಲಿ."

"ನಾನ್ ಆಕುದ್ರೆ ನಾಳೆ ಕಲ್ಲು ಸರಸ್ದ ಅಂತೀಯ. ನಿನ್ ಬುದ್ಧಿ ಗೊತ್ತಿಲ್ವೇನ್ಲಾ?"

"ಲೇ, ಮದ್ವೇಲಿ ಧಾರೆ ಎರ್ದಂಗೆ ಇಬ್ರೂ ಒಟ್ಟಿಗೇ ಸುರೀರಿ," ಅಂದರು ಅಧ್ಯಕ್ಷರು. "ಎಣ್ಣು ಯಾರು ಅಂತ ಮಾತ್ರ ನನ್ ಕೇಳ್ಬ್ಯಾಡ್ರಿ."

ಜನ ನಕ್ಕರು. ಆಕೆ ನಗಲಿಲ್ಲ, ಮುಗಿಲು ನೋಡುತ್ತಿದ್ದಳು. ಇಬ್ಬರೂ ಒಟ್ಟಿಗೇ ಸುರಿದರು, ಮಂಕರಿ ಮೇಲೆ ಮಂಕರಿ. ಕಲ್ಲಿನ ತಲೆಯನ್ನು ಮಾತ್ರ ಮುಚ್ಚಗೊಡಲಿಲ್ಲ.

ಸಂಜೆಗೇ ಮಳೆ ಹಿಡಿಯಿತು. ನಾನು ಹೊಲಕ್ಕೆ ಓಡಿದೆ. ಕಲ್ಲಿನ ಸುತ್ತ ಹಸಿ ಮಣ್ಣಿನಿಂದ ನೀರು ಜಿನುಗುತ್ತಿತ್ತು. ಆಕೆ ಮಣ್ಣನ್ನು ಹಿಮ್ಮಡಿಯಿಂದ ತುಳಿಯುತ್ತಿದ್ದಳು. ಆ ಇಬ್ಬರೂ ಗರಿಕೆ ಹುಲ್ಲಿನ ಹೆಂಟೆ ತಂದು ಒತ್ತುತ್ತಿದ್ದರೆಂದು ನೆನಪು. ಒಬ್ಬನೇ ಇದ್ದನೋ, ಇನ್ನೊಬ್ಬನನ್ನು ಆಮೇಲೆ ನೆನಪಿನಲ್ಲಿ ನಾನೇ ತಂದು ನಿಲ್ಲಿಸಿದೆನೋ.

"ನಿಲ್ತದಾ ಸ್ವಾಮಿ?"

"ನಿಲ್ಲುತ್ತೆ," ಎಂದೆ. ನನಗೆ ಗೊತ್ತಿರಲಿಲ್ಲ.

ಬದು ನಿಂತಿತು. ಬೆಳಿಗ್ಗೆ ಪೈರು ಬಾಗಿತ್ತು, ಒಂದು ಮೂಲೆ ಕೆಸರಿನಡಿ ಹೋಗಿತ್ತು, ಉಳಿದದ್ದರ ಬೇರು ಕಿತ್ತಿರಲಿಲ್ಲ. ಆಕೆ ಒಂದೊಂದೇ ಪೈರು ಎತ್ತಿ ನಿಲ್ಲಿಸುತ್ತ, ತಲೆ ಎತ್ತದೆ ಕೇಳಿದಳು:

"ಇನ್ನೊಂದ್ ಮಳೆಗೆ?"

ನಾನು ಆಕೆಯಿಂದ ಮಂಕರಿ ಕೇಳಿ ಇಸಿದುಕೊಂಡು, ಬದುವಿಗೆ ಇನ್ನಷ್ಟು ಮಣ್ಣು ತರಲು ಹೊರಟೆ.