ಚಿಗವ್ವ ತಂದ ಬದನಿಕೆ

ರಜಾಕಾರರ ಗಲಾಟೆಯಲ್ಲಿ ಗಡಿ ದಾಟಿ ಓಡಿಹೋಗಿದ್ದ ನಮ್ಮ ಕಾಕಾ, ಹೈದರಾಬಾದಿಗೆ ಭಾರತದ ದಂಡು ಬಂದು ಎಲ್ಲ ತಣ್ಣಗಾದ ಮೇಲೆ ದೇವಾಪುರಕ್ಕೆ ಮರಳಿದ. ಅವನು ಸತ್ತನೆಂದೇ ಅಜ್ಜಿ ಅತ್ತು ಮುಗಿಸಿದ್ದಳು. ಮಗ ಬದುಕಿ ಬಂದ ಸಂತೋಷ ಮಾತ್ರ ಆಕೆಗೆ ಹೊಸ್ತಿಲು ದಾಟುವಷ್ಟು ಹೊತ್ತೂ ಉಳಿಯಲಿಲ್ಲ. ಅವನ ಹಿಂದೆ ಒಬ್ಬ ಹೆಂಗಸು ನಿಂತಿದ್ದಳು.

"ಯಾರಿಕಿ?"

"ನಿನ್ನ ಸೊಸಿ ಬೇ. ಗಡಿ ಆಚಿ ಶಿಬಿರದಾಗ ಮದುವಿ ಆತು."

"ಯಾರ ಪೈಕಿ? ಯಾವೂರು?"

"ಊರು ಸುಟ್ಟು ಹೋಗ್ಯಾದ. ಮತ್ತೇನೂ ಕೇಳಬ್ಯಾಡ."

ಕೇಳಬೇಡ ಎಂದದ್ದೇ ತಪ್ಪಾಯಿತು. ನಾನು ಚಿಗವ್ವ ಎಂದು ಕರೆಯತೊಡಗಿದ ಆ ಹೆಂಗಸಿನ ಮೇಲೆ ಅಜ್ಜಿಯ ಕಣ್ಣು ಸದಾ ಇರುತ್ತಿತ್ತು. ವಿಭೂತಿ ಹಚ್ಚುವ ಬೆರಳು ಪಳಗಿದ್ದೋ ಹೊಸದೋ, ನಿದ್ದೆಗಣ್ಣಲ್ಲಿ ಯಾವ ದೇವರ ಹೆಸರು ಬರುತ್ತದೋ, ಎಲ್ಲವನ್ನೂ ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಚಿಗವ್ವ ಒಬ್ಬಳೇ ಹೊಲಕ್ಕೆ ಹೋದಳು. ಅಜ್ಜಿ ನನ್ನನ್ನು ಎಳೆದುಕೊಂಡು ಹಿಂದೆಯೇ ಹೊರಟಳು. ಹಳೆಯ ಮಾವಿನ ಮರದ ಕವಲಿನಲ್ಲಿ ಕೂತು ಚಿಗವ್ವ ಏನನ್ನೋ ಬಿಡಿಸುತ್ತಿದ್ದಳು. ದಪ್ಪ ಪಟ್ಟಿಯಂಥ ಎಲೆಗಳು, ತೊಗಟೆಯನ್ನು ತಬ್ಬಿದ ಬಿಳಿ ಬೇರುಗಳು. ಹಳದಿ ಹೂವಿನ ಮೇಲೆ ಕಂದು ಚೌಕಳಿ, ನಡುವೆ ನೇರಳೆ ತುಟಿ. ಮಣ್ಣಿಲ್ಲದೆ ಮರದ ಮೇಲೆ ಬೆಳೆಯುವುದಕ್ಕೆಲ್ಲ ನಮ್ಮಲ್ಲಿ ಬದನಿಕೆ ಎಂದೇ ಹೆಸರು. ಬದನಿಕೆಯಿಂದ ಗಂಡಸರನ್ನು ವಶ ಮಾಡಿಕೊಳ್ಳುತ್ತಾರೆಂಬ ಮಾತೂ ಇತ್ತು.

"ನೋಡಿದ್ಯಾ? ಇದನ್ನ ತಿನಿಸೇ ನನ್ನ ಮಗನ್ನ ಬಲ್ಯಾಗ ಹಾಕ್ಕೊಂಡಾಳ," ಎಂದು ಅಜ್ಜಿ ಪಿಸುಗುಟ್ಟಿದಳು.

ಚಿಗವ್ವನಿಗೆ ಅದು ಕೇಳಿಸಿತು. "ಇದು ತಿನಿಸೂದಲ್ರಿ ಅತ್ತಿ. ನಿಮ್ಮ ಮೊಣಕಾಲಿಗಿ. ನಮ್ಮ ಕಡಿ ರಾಸ್ನಿ ಅಂತಾರ. ಹುಡುಗರ ಕಿವಿ ನೋವಿಗಿ ಎಲಿ ರಸಾನೂ ಬಿಡ್ತಾರ."

ಮಳೆಗಾಲದ ತೇವಕ್ಕೆ ಅಜ್ಜಿಯ ಮೊಣಕಾಲು ಬಾತು, ಕೂತರೆ ಏಳಲಾಗುತ್ತಿರಲಿಲ್ಲ. ಚಿಗವ್ವ ಬೇರು ಜಜ್ಜಿ ಕುಸುಬಿ ಎಣ್ಣೆಯಲ್ಲಿ ಕಾಯಿಸಿದಳು.

"ಮೊದಲು ನಿನ್ನ ಕೈಗಿ ಹಚ್ಚಿಕೋ," ಎಂದಳು ಅಜ್ಜಿ.

ಚಿಗವ್ವ ಮೊಣಕೈತನಕ ಹಚ್ಚಿಕೊಂಡಳು. ಸಂಜೆಯವರೆಗೂ ಆ ಕೈಯನ್ನು ತಿರುವಿ ತಿರುವಿ ನೋಡಿದ ಮೇಲೆಯೇ ಅಜ್ಜಿ ಕಾಲು ಚಾಚಿದ್ದು. ಕೆಲವು ವಾರಗಳಲ್ಲಿ ಬಾವು ಇಳಿಯಿತು. "ಎಣ್ಣಿ ಛಲೋ ಇತ್ತು," ಎಂದಷ್ಟೇ ಅಜ್ಜಿ ಹೇಳಿದಳು.

ಆಮೇಲೆ ರಂಗಂಪೇಟೆಯಿಂದ ಬೀಗಿತಿಯೊಬ್ಬಳು ಬಂದಳು. ನೀರು ಕುಡಿಯುವ ಮೊದಲೇ ಕೇಳಿದಳು: "ಸೊಸಿ ಯಾರ ಪೈಕಿರಿ? ಜನ ಏನೇನೋ ಮಾತಾಡಾಕತ್ಯಾರ."

ಅಜ್ಜಿ ರೆಪ್ಪೆ ಬಡಿಯಲಿಲ್ಲ. "ನನ್ನ ತವರಿನಕಿ. ನಮ್ಮಣ್ಣನ ಸಂಬಂಧ. ಮಾತಾಡವರು ನನ್ನ ಮುಂದ ಬಂದು ಮಾತಾಡ್ಲಿ."

ಬೀಗಿತಿ ಹೋದದ್ದೇ ತಡ, ಅಜ್ಜಿ ಚಿಗವ್ವನ ರಟ್ಟೆ ಹಿಡಿದಳು. "ನಿನಗಾಗಿ ಸುಳ್ಳು ಹೇಳೀನಿ. ಈಗರ ಹೇಳು, ಯಾರಕಿ ನೀ?"

"ಈಗ ನೀವೇ ಹೇಳಿದ್ರಲ್ರಿ ಅತ್ತಿ, ನಿಮ್ಮ ತವರಿನಕಿ."

ಅಜ್ಜಿ ಹಿಡಿದ ರಟ್ಟೆ ಬಿಟ್ಟಳು. ಮತ್ತೆಂದೂ ಬಾಯಿ ಬಿಟ್ಟು ಕೇಳಲಿಲ್ಲ. ಆದರೆ ಪರವೂರಿನ ಬಳೆಗಾರರೋ ಸೀರೆಯವರೋ ಓಣಿಗೆ ಬಂದರೆ ಚಿಗವ್ವನನ್ನೇ ಅವರ ಮುಂದೆ ಕಳಿಸಿ, ಯಾರಾದರೂ ಗುರುತು ಹಿಡಿದಾರೇನೋ ಎಂದು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಯಾರೂ ಹಿಡಿಯಲಿಲ್ಲ.