ತುಂಗಮ್ಮ ಮೆತ್ತಿದ ಸಗಣಿ

ಜಾವಳಿಯ ತುಂಗಮ್ಮ ಇಪ್ಪತ್ತು ವರ್ಷ ಕಾಫಿ ತೋಟದಲ್ಲಿ ಸ್ಪ್ರಿಂಕ್ಲರ್ ಪಂಪು ನೋಡಿಕೊಂಡವಳು. 2006ರಲ್ಲಿ ತೋಟದ ಯಜಮಾನ ರೇಣುಕಪ್ರಸಾದರು ಹೋಂಸ್ಟೇ ತೆರೆದು ಈಜುಕೊಳ ಕಟ್ಟಿಸಿದರು. ರಾತ್ರಿ ನಿಲ್ಲಿಸಿದ ಅದರ ಪಂಪು, ಬೆಳಿಗ್ಗೆ ಪೈಪಿಗೆ ಕೈಯಾರೆ ನೀರು ತುಂಬಿಸದೆ ನೀರೆತ್ತುತ್ತಿರಲಿಲ್ಲ. ಪೇಟೆಯ ಮೆಕ್ಯಾನಿಕ್ ಹೊಸ ಪಂಪೇ ಬೇಕೆಂದ. ಸಂಜೆ ತುಂಗಮ್ಮ ಒಂದು ಬುಟ್ಟಿ ಸಗಣಿ ಹೊತ್ತು ಬಂದಳು.

"ಸ್ವಿಮ್ಮಿಂಗ್ ಪೂಲಿಗೆ ಸಗಣಿಯಾ? ಗೆಸ್ಟುಗಳು ನೋಡಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?" ಎಂದರು ರೇಣುಕಪ್ರಸಾದರು.

"ಪೂಲಿಗಲ್ಲ, ಪೈಪಿನ ಜಾಯಿಂಟಿಗೆ. ನಿಮ್ಮ ತೋಟಕ್ಕೆ ಇಷ್ಟು ವರ್ಷ ಹಿಂಗೇ ನೀರು ಹಾಯ್ಸಿದೀನಿ," ಎಂದು ಅವಳು ಮೆತ್ತಿಯೇಬಿಟ್ಟಳು.

ಬೆಳಿಗ್ಗೆ ಸ್ವಿಚ್ ಒತ್ತಿದ ಕೂಡಲೇ ನೀರು ನುಗ್ಗಿತು.

"ಗಾಳಿ ಎಳೀತಿದ್ದದ್ದು ಇಲ್ಲೇ," ತುಂಗಮ್ಮ ಜಾಯಿಂಟು ತೋರಿಸಿದಳು. "ಅದಕ್ಕೇ ರಾತ್ರಿ ಪೈಪಿನ ನೀರೆಲ್ಲ ಇಳಿದುಹೋಗ್ತಿತ್ತು. ಒಂದು ವಾಷರ್ ಹಾಕ್ಸಿ, ಸಾಕು."

"ಆಯ್ತು ಮಾರಾಯ್ತಿ, ಮೊದ್ಲು ಆ ಸಗಣಿ ತೊಳಿ."

ತುಂಗಮ್ಮ ಖಾಲಿ ಬುಟ್ಟಿ ಎತ್ತಿಕೊಂಡಳು. "ಹೊಸ ಪಂಪು ಬೇಕು ಅಂದೋನನ್ನ ಕರೆಸಿ. ಅವನೇ ತೊಳೀಲಿ."