ಸೀಟಿನ ಕೆಳಗಿನ ಕೆಂಪು ಗೆರೆ

ಗೆಳೆಯರೇ, ಇವತ್ತು ಮಲ್ಕಾಜ್‌ಗಿರಿ ಸ್ಟೇಷನ್ ಹತ್ತಿರದ ಸೈಕಲ್ ಅಂಗಡಿಯ ರಹೀಂ ಭಾಯಿ ಜೊತೆ ಜಗಳಾಡಿದೆ. ನಮ್ಮ ರಾಯಚೂರು ಕಡೆಯವರು, ಕನ್ನಡದಾಗ ಜಗಳಾಡಾಕ ಈ ತೆಲುಗು ಊರಾಗ ನನಗೆ ಬೇರೆ ಯಾರದಾರ?

ನನ್ನ ರೇಸ್ ಸೈಕಲ್ ತುಳಿದರೆ ಈಚೆಗೆ ಸೊಂಟ ಹಿಡೀತೈತಿ. ಭಾಯಿ ನನ್ನನ್ನು ಸೀಟಿನ ಮೇಲೆ ಕೂಡಿಸಿ, ಹಿಮ್ಮಡಿಯಿಂದ ಪೆಡಲ್ ತಿರುಗಿಸಲು ಹೇಳಿ, ಹಿಂದೆ ನಿಂತು ನೋಡಿದರು.

"ನಡ ಆ ಕಡೆ ಈ ಕಡೆ ಹೊಯ್ದಾಡಾಕತ್ತೈತ್ರಿ ಸರ್. ಸೀಟು ಎರಡು ಬೆರಳು ಇಳಿಸಬೇಕು."

"ಇಳಿಸಬ್ಯಾಡ್ರಿ," ಅಂದೆ.

ಸೀಟಿನ ಕೊಳವೆಯ ಮೇಲೆ ಉಗುರುಬಣ್ಣದ ಕೆಂಪು ಗೆರೆ ಐತಿ. ನನ್ನ ಹೆಂಡತಿ ಶಾಂತಾ ಹೀಗೇ ಹಿಂದೆ ನಿಂತು, ಸರಿಯಾದ ಎತ್ತರ ನೋಡಿ ಎಳೆದದ್ದು. ಆಕಿ ತೀರಿಹೋಗಿ ನಾಲ್ಕು ವರ್ಷ.

"ಈ ಗೆರಿ ಕಾನ್‌ಸ್ಟಂಟ್ ರೀ, ವೇರಿಯಬಲ್ ಅಲ್ಲ," ಅಂತ ಕಾಲೇಜಿನ ಗಣಿತ ಪಾಠದ ಇಂಗ್ಲಿಷ್ ನೆನಪಿದ್ದಷ್ಟು ಬಿಟ್ಟೆ. ಆ ಪಾಠದ ಮುಂದಿನ ಸಾಲು ಮರೆತೈತಿ.

"ಗೆರಿ ಬರಾಬರ್ ಐತ್ರಿ. ನಿಮ್ಮ ಕಾಲು ಮೊದಲಿನಷ್ಟು ಚಾಚವಲ್ಲವು."

ಪಾನಾ ಹಾಕಿ ಬೋಲ್ಟ್ ಸಡಿಲಿಸಿದರು. ಸೀಟು ಇಳೀತು. ಗೆರೆ ಕೊಳವೆ ಸಮೇತ ಫ್ರೇಮಿನೊಳಗೆ ಹೋಗಿ ಕಾಣದಂಗಾತು.

ಸ್ಟೇಷನ್ ರಸ್ತೆಯಲ್ಲಿ ಎರಡು ಸುತ್ತು ಹೊಡೆದು ಬಂದೆ. ಸೊಂಟ ಒಂಚೂರೂ ನೋಯಲಿಲ್ಲ, ಅದೇ ಭಾಳ ಬೇಜಾರಾತು.

"ಆರಾಮ ಅನಿಸ್ತೇನ್ರಿ?"

"ಅಷ್ಟಕ್ಕಷ್ಟ ನೋಡ್ರಿ," ಅಂದೆ.

ಭಾಯಿ ನಂಬಿದರು. ಶಾಂತಾ ಆಗಿದ್ದರೆ ಹಿಂದೆ ನಿಂತೇ ಈ ಸುಳ್ಳು ಹಿಡೀತಿದ್ದಳು.